ಎಲ್ಲ ಸರಿಯಿದ್ದೂ ಹೊರಡದ ಕಾರು

ಬೆಳಿಗ್ಗೆ ಐದೂ ಮುಕ್ಕಾಲು. ಮರವಂತೆಯಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ ಮನೆಯ ಅಂಗಳ. ಹಳೆಯ ಬಿಳಿ ಕಾರಿನ ಬಾನೆಟ್ ಬಾಯಿ ತೆರೆದು ನಿಂತಿದೆ. ಅದನ್ನು ತೆರೆದ ಪ್ರೇಮಾನಂದ ಮಾತ್ರ ಅತ್ತ ನೋಡುತ್ತಲೂ ಇಲ್ಲ. ಹಿಂದಿನ ಸೀಟಿಗೆ ಕಿವಿ ಒತ್ತಿ ಅಡ್ಡಬಿದ್ದಿದ್ದಾರೆ. ಕಾರು ರಿಪೇರಿಗೆ ಬಂದವರು ನಿದ್ದೆಗೆ ಇಳಿದರೇ ಎಂದು ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನಾನು ಕಕ್ಕಾಬಿಕ್ಕಿ.

"ಹ್ವಾಯ್, ಕೀ ತಿರ್ಗ್ಸಿ. ಸ್ಟಾರ್ಟ್ ಮಾಡುದ್ ಬ್ಯಾಡ, ಬರೀ ಆನ್ ಮಾಡಿ," ಎನ್ನುತ್ತಾರೆ. ಸ್ಟೀರಿಂಗಿನ ಮುಂದೆ ಕುಳಿತ ಚೇತನಾ ಕೀ ತಿರುಗಿಸುತ್ತಾರೆ. ದೀಪಗಳು ಹೊತ್ತಿಕೊಳ್ಳುತ್ತವೆ, ಸದ್ದಿಲ್ಲ. "ಇನ್ನೊಂದ್ ಸಲ." ಮತ್ತೆ ಸದ್ದಿಲ್ಲ. ಕೀ ಆನ್ ಆದ ಕೂಡಲೇ ಸೀಟಿನಡಿಯ ಪೆಟ್ರೋಲ್ ಪಂಪು ಎರಡು ಸೆಕೆಂಡು 'ಝುಂಯ್' ಎನ್ನಬೇಕಂತೆ. ಎನ್ನಲಿಲ್ಲ.

ಚೇತನಾ ಈ ಮನೆಯ ಸೊಸೆ. ಗಂಡ ರತೀಶ್ ಆಳಸಮುದ್ರದ ಬೋಟಿನಲ್ಲಿದ್ದಾರೆ, ದಡಕ್ಕೆ ಬರಲು ಇನ್ನೂ ವಾರ ಬೇಕು. ಮಾವ ಚಂದಯ್ಯನವರಿಗೆ ಎಪ್ಪತ್ತೊಂದು, ಎರಡೂ ಕಿಡ್ನಿ ಕೈಕೊಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಕುಂದಾಪುರದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಏಳು ಗಂಟೆಗೆ ಅಲ್ಲಿರದಿದ್ದರೆ ಆ ದಿನದ ಪಾಳಿ ಬೇರೆಯವರಿಗೆ. ಕಳೆದ ಗುರುವಾರ, ಶನಿವಾರ ಎರಡೂ ತಪ್ಪಿ, ಭಾನುವಾರ ಹೇಗೋ ಒಂದು ಅರ್ಧ ಪಾಳಿ ಸಿಕ್ಕಿದೆ. ಚಂದಯ್ಯನವರ ಕಾಲು ಊದಿಕೊಂಡಿವೆ, ಮಾತಾಡಿದರೆ ಏದುಸಿರು. ಇವತ್ತೂ ತಪ್ಪಿದರೆ ನನ್ನ ಹತ್ತಿರ ಬರಬೇಡಿ, ನೇರ ಐಸಿಯುಗೆ ಹೋಗಿ ಎಂದು ಡಾಕ್ಟರು ಗದರಿದ್ದಾರೆ. ಊರಿನ ರಿಕ್ಷಾದ ಭೋಜನಿಗೆ ಫೋನ್ ಮಾಡಿದರೆ ಆತ ಆನೆಗುಡ್ಡೆಗೆ ಬಾಡಿಗೆ ಹೋಗಿದ್ದಾನೆ.

ಆ ಎರಡು ದಿನವೂ ತಪ್ಪಿದ್ದು ಇದೇ ಕಾರಿನಿಂದ, ಎರಡು ದಿನವೂ ಬಂದದ್ದು ಇದೇ ಪ್ರೇಮಾನಂದ. ಗುರುವಾರ ರಾತ್ರಿಯಿಡೀ ಹೆಡ್‌ಲೈಟ್ ಉರಿದು ಬ್ಯಾಟರಿ ಖಾಲಿ. ಮರೆವು ಯಾರಿಗಿಲ್ಲ ಎಂದುಕೊಂಡರು. ಶನಿವಾರ ಬ್ಯಾಟರಿಯ ತಂತಿ ಸಡಿಲ. ಗುರುವಾರ ಅದನ್ನು ಬಿಗಿದದ್ದು ತಾನೇ ಆದ್ದರಿಂದ ತನ್ನದೇ ತಪ್ಪೆಂದು ಪ್ರೇಮಾನಂದರಿಗೆ ಎರಡು ದಿನ ಅನ್ನ ಸೇರಲಿಲ್ಲವಂತೆ. ಇವತ್ತು ಮಂಗಳವಾರ. ಇಂಜಿನ್ ಗರಗರ ತಿರುಗುತ್ತದೆ, ಹಿಡಿಯುವುದಿಲ್ಲ.

ಅವರು ಫ್ಯೂಸಿನ ಪೆಟ್ಟಿಗೆ ಬಿಚ್ಚಿ ಟಾರ್ಚ್ ಬಿಡುತ್ತಾರೆ. ಸಾಲಾಗಿ ಕೂತ ಬಣ್ಣದ ಫ್ಯೂಸುಗಳ ನಡುವೆ ಒಂದು ಜಾಗ ಬೋಳು. ನನಗೆ ಮಾತ್ರ ಕೇಳುವಂತೆ ಹೇಳುತ್ತಾರೆ: "ಫ್ಯೂಸ್ ಸುಟ್ಟ್ ಹೋತ್ತ್, ಇಲ್ದಿದ್ರೆ ಸಡ್ಲ ಆತ್ತ್. ಕಾಲ್ ಬಂದ್ ನಡ್ಕಂಡ್ ಹೋತ್ತಿಲ್ಲೆ. ಇದ್ ಯಾರೋ ತೆಗ್ದದ್ದ್."

ಈ ಮನೆಯಲ್ಲಿ ಇರುವುದೇ ಇಬ್ಬರು.

ಆಮೇಲೆ ನಡೆದದ್ದನ್ನು ಹೇಳುವ ಮೊದಲು ಈ ಮನುಷ್ಯ ಯಾರೆಂದು ಹೇಳಬೇಕು. ಹೆಮ್ಮಾಡಿಯ ಪ್ರೇಮಾನಂದರಿಗೆ ಐವತ್ತಾರು. ಹದಿನೇಳಕ್ಕೆ ಮುಂಬಯಿಗೆ ಹೋದವರು, ಅಲ್ಲಿ ಸಿಕ್ಕ ಮೊದಲ ಕೆಲಸ ಬೆಳಗಿನ ಜಾವ ನಿಂತುಹೋದ ಟ್ಯಾಕ್ಸಿಗಳನ್ನು ತಳ್ಳುವುದು. ತಳ್ಳುತ್ತ ತಳ್ಳುತ್ತ ಕಿವಿ ಪಳಗಿತು. ಇಪ್ಪತ್ತು ವರ್ಷ ಗ್ಯಾರೇಜುಗಳಲ್ಲಿ ದುಡಿದು, ಎಡಗೈಯ ಎರಡು ಬೆರಳ ತುದಿಯನ್ನು ರೇಡಿಯೇಟರ್ ಫ್ಯಾನಿಗೆ ಕೊಟ್ಟು ಊರಿಗೆ ಬಂದರು. ಹೆದ್ದಾರಿ ಬದಿಯಲ್ಲಿ ಹಾಕಿದ್ದ ಶೆಡ್ಡು ರಸ್ತೆ ಅಗಲವಾದಾಗ ಹೋಯಿತು. "ಗ್ಯಾರೇಜಿಗೆ ಬಪ್ಪ ಕಾರ್ ಹ್ಯಾಂಗೂ ಬತ್ತ್. ಬಪ್ಕೇ ಆಗ್ದಿದ್ ಕಾರಿನ ಕತಿ ಎಂತ?" ಎಂದು ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡರು. ಈಗ ಬ್ರಹ್ಮಾವರದಿಂದ ಬೈಂದೂರಿನವರೆಗೆ, ಅತ್ತ ಕೊಲ್ಲೂರಿನ ತನಕ, ಅಂಗಳದಲ್ಲಿ ಮುನಿದು ನಿಂತ ಕಾರುಗಳೆಲ್ಲ ಅವರವೇ. ದಿನಕ್ಕೆ ನಾಲ್ಕು ಮನೆ, ಮಳೆಗಾಲದಲ್ಲಿ ಹತ್ತು. ಸ್ಕೂಟರ್ ದಿನವೂ ಎಪ್ಪತ್ತು ಕಿಲೋಮೀಟರಿಗೆ ಕಡಿಮೆ ಓಡುವುದಿಲ್ಲ.

ಅವರ ಬೆನ್ನಿಗೆ ಕೂತು ಎರಡು ದಿನ ಸುತ್ತಿದ ನಾನು ಬೆರಗಿನಿಂದ ಬಾಯಿ ಮುಚ್ಚಿದ್ದೇ ಕಡಿಮೆ. ಗಂಗೊಳ್ಳಿಯ ಒಂದು ಮನೆಯಲ್ಲಿ ಕಾರಿನ ಶೆಡ್ಡಿನಲ್ಲೇ ಒಣಮೀನಿನ ಚೀಲ ಇಟ್ಟಿದ್ದರು. ಮೀನಿಗೆ ಬಂದ ಇಲಿಗಳು ಬಾಯಿ ರುಚಿಗೆ ಹನ್ನೊಂದು ವೈರ್ ಕತ್ತರಿಸಿದ್ದವು. ಬ್ರಹ್ಮಾವರದ ಇನ್ನೊಂದು ಮನೆಯಲ್ಲಿ, ಮುಂಬಯಿಯ ಗಂಡ ಫೋನಿನಲ್ಲಿ ಹೇಳಿದನೆಂದು ವನಜ ಎಂಬಾಕೆ ದಿನವೂ ಕಾರನ್ನು ಒಂದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಿದ್ದರು. ಸ್ಟಾರ್ಟ್ ಆಗಲು ಬ್ಯಾಟರಿ ಕೊಟ್ಟದ್ದು ಒಂದು ನಿಮಿಷದಲ್ಲಿ ತುಂಬಿ ಬರುವುದಿಲ್ಲ. ಪ್ರೀತಿಯಿಂದ ದಿನಾ ಒಂದಿಷ್ಟು ಕೊಂದಂತೆ. ನಾನೂ ಆರು ತಿಂಗಳಿಂದ ಮಾಡುತ್ತಿರುವುದು ಇದನ್ನೇ ಎಂದು ಪ್ರೇಮಾನಂದರಿಗೆ ಹೇಳುವ ಧೈರ್ಯ ಬರಲಿಲ್ಲ.

ಆದರೆ ಫ್ಯೂಸ್ ಕಿತ್ತ ಇಲಿ ಯಾವುದೂ ಇಲ್ಲ.

ಇತ್ತ ಮರವಂತೆಯ ಮನೆಯ ಜಗಲಿಯಲ್ಲಿ ಚಂದಯ್ಯನವರು ಕೂತಿದ್ದಾರೆ. ಸ್ನಾನ ಮುಗಿದಿದೆ, ಇಸ್ತ್ರಿ ಅಂಗಿ, ಪಕ್ಕದಲ್ಲಿ ಆಸ್ಪತ್ರೆಯ ಚೀಲ. ಹೊರಡಲು ಅವರಷ್ಟು ಸಿದ್ಧರಾದವರು ಇನ್ನಿಲ್ಲ. ಮೂವತ್ತು ವರ್ಷ ಸ್ವಂತ ಟೆಂಪೊ ಓಡಿಸಿ ಮೀನು ಮಾರಿದವರು, ಗಾಡಿಯ ಒಳಹೊರಗು ಬಲ್ಲವರು ಎಂದು ಚೇತನಾ ಹೇಳಿದ್ದು ನನಗೆ ಆಗ ನೆನಪಾಯಿತು. ಪ್ರೇಮಾನಂದ ಕೈ ಒರೆಸಿಕೊಂಡು ಅವರ ಪಕ್ಕ ಕೂರುತ್ತಾರೆ. ಬೈಯುತ್ತಾರೆ, ಕೇಳುತ್ತಾರೆ ಎಂದು ಕಾದರೆ ಅವರು ಚಂದಯ್ಯನವರ ಎಲೆಯಡಿಕೆ ಸಂಚಿಯತ್ತ ಕೈ ಚಾಚಿ, "ಚಂದಯ್ಯಣ್ಣ, ಒಂದ್ ಎಲಿ ಕೊಡಿ ಕಾಂಬ," ಎನ್ನುತ್ತಾರೆ.

ಈ ಕಡೆ ವೀಳ್ಯದೆಲೆ ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ಇಲ್ಲ. ಹಗೆಯಾದರೂ ಸಂಚಿ ಬಿಚ್ಚಬೇಕು. ಚಂದಯ್ಯ ಬಿಚ್ಚಲಿಲ್ಲ. ಸಂಚಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದರು. ಆಮೇಲೆ ದಾರ ಸಡಿಲಿಸಿದರು. ಅಡಿಕೆ ಹೋಳುಗಳ ನಡುವೆ ಉಗುರಿನಷ್ಟು ದೊಡ್ಡ ನೀಲಿ ಫ್ಯೂಸ್ ಇತ್ತು.

ಕಣ್ಣಾರೆ ಕಂಡದ್ದನ್ನು ನಂಬಲು ನನಗೆ ಆಗಲಿಲ್ಲ. ಉಸಿರಿಗೆ ತತ್ವಾರವಾಗಿರುವ ಮನುಷ್ಯ ತನ್ನ ಆಸ್ಪತ್ರೆಯ ದಾರಿಯನ್ನು ತಾನೇ ಕಟ್ಟಿ, ಇಸ್ತ್ರಿ ಅಂಗಿ ಹಾಕಿ ಕೂತಿದ್ದಾರೆ! ಹೆಡ್‌ಲೈಟ್ ಹಾಕಿಟ್ಟದ್ದೂ ಅವರೇ, ತಂತಿ ಸಡಿಲಿಸಿದ್ದೂ ಅವರೇ.

"ವಾರಕ್ಕ್ ಮೂರ್ ದಿನ ಹೆಣ್ಣ್ ನನ್ ಹಿಂದೇ ಸಾಯ್ತ್," ಎನ್ನುತ್ತಾರೆ ಚಂದಯ್ಯ, ಸೊಸೆಯತ್ತ ನೋಡಿ, ದನಿ ತಗ್ಗಿಸಿ. "ಶನಿವಾರ ಪಕ್ಕದ್ ತ್ರಾಸಿಯಂಗೆ ಹೊಲಿಗಿ ಕ್ಲಾಸ್ ನಡ್ಸ್ತಿತ್ತ್. ನನ್ನಿಂದ ಬಿಡ್ತ್. ನಾ ಬತ್ತಿಲ್ಲೆ ಅಂದ್ರೆ ಕಣ್ಣೀರ್ ಹಾಕಿ ಮರ್ಕುತ್ತ್. ಕಾರ್ ಬತ್ತಿಲ್ಲೆ ಅಂದ್ರೆ ಯಾರ್ ಮರ್ಕುದ್ ಹೇಳಿ?"

"ಬ್ಯಾಡದಿದ್ರೆ ನಿಮ್ ಬಾಯಂಗೇ ಹೇಳಿ. ಪಾಪದ್ ಕಾರಿನ್ ಹತ್ರ ಸುಳ್ಳ್ ಹೇಳ್ಸುದ್ ಎಂತಕ್ಕೆ?" ಎಂದು ಪ್ರೇಮಾನಂದ ಫ್ಯೂಸನ್ನೂ ಎಲೆಯನ್ನೂ ಒಟ್ಟಿಗೆ ಎತ್ತಿಕೊಂಡು ಎದ್ದರು. ಫ್ಯೂಸ್ ಕೂತಿತು. ಪಂಪು ಝುಂಯ್ ಎಂದಿತು. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಗಂಟೆ ಆರೂ ಐದು.

"ಎಂತ ಆಯ್ದಿತ್ತ್?" ಎಂದು ಚೇತನಾ ಕೇಳಿದರು. ಇಲಿ ಎನ್ನಬಹುದಿತ್ತು, ಉಪ್ಪುಗಾಳಿ ಎನ್ನಬಹುದಿತ್ತು. ನಾನಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

"ಕಾರಿಗೆ ಎಂತದೂ ಆಯ್ಲಿಲ್ಲೆ. ಮಾವನತ್ರ ಕೇಣಿ," ಎಂದರು ಪ್ರೇಮಾನಂದ.

ಚಂದಯ್ಯ ತಾವೇ ಹೇಳಿದರು, ಮೂರು ವಾಕ್ಯದಲ್ಲಿ, ನೆಲ ನೋಡುತ್ತ. ಚೇತನಾ ಸಿಡಿಯುತ್ತಾರೆ ಎಂದುಕೊಂಡೆ. ಅವರು ಕಾರಿನಿಂದ ಇಳಿದು ಮಾವನತ್ತ ತಿರುಗಿದರು. "ನಾ ಓಡ್ಸುಕೆ ಕಲ್ತದ್ದೇ ನಿಮ್ಮನ್ ಕರ್ಕಂಡ್ ಹೋಪ್ಕೆ," ಎಂದರು. "ನಂಗ್ ಸಮಾ ಓಡ್ಸುಕ್ ಬತ್ತಿಲ್ಲೆ, ಅದ್ಕೇ ಕಾರ್ ಹಾಳಾತ್ತ್ ಅಂದ್ಕಂಡೆ ಮಾವ. ನಿಮ್ಗೆ ಎಂತಾರೂ ಆದ್ರೆ ಅದ್ ನನ್ನಿಂದ್ಲೇ ಅಂದ್ಕಂಡೆ. ಐದ್ ದಿನ ಆಯ್ತ್, ನಂಗ್ ಕಣ್ ಮುಚ್ಚುಕೆ ಆಯ್ಲಿಲ್ಲೆ."

ಆಗ ಚಂದಯ್ಯನವರ ಮುಖ ನೋಡಬೇಕಿತ್ತು. ಸೊಸೆಯ ಹೊರೆ ಇಳಿಸುತ್ತಿದ್ದೇನೆ ಎಂದು ನಂಬಿದ್ದ ಮನುಷ್ಯ ಅವಳ ತಲೆಯ ಮೇಲೆ ತನ್ನ ಸಾವನ್ನೇ ಹೊರಿಸಲು ಹೊರಟಿದ್ದರು. "ಇದ್ ನಂಗ್ ಹೊಳಿಲೇ ಇಲ್ಲೆ ಮಗಾ," ಎಂದರು. ಜಗಲಿಯ ಕಂಬ ಹಿಡಿದು ಎದ್ದರು, ಊದಿದ ಕಾಲು ಎಳೆಯುತ್ತ ಬಂದರು, ಯಾರ ಕೈಯನ್ನೂ ಹಿಡಿಯದೆ ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡರು.

ಕಾರು ಏಳಕ್ಕೆ ಹತ್ತು ನಿಮಿಷವಿರುವಾಗ ಆಸ್ಪತ್ರೆ ಮುಟ್ಟಿತೆಂದು ಆಮೇಲೆ ಫೋನ್ ಬಂತು. ಈ ಲೇಖನದಲ್ಲಿ ಹೆಸರು ಹಾಕಬಹುದೇ ಎಂದು ಚಂದಯ್ಯನವರನ್ನು ಕೇಳಲು ವಾರದ ನಂತರ ಹೋಗಿದ್ದೆ. ಕಾಲಿನ ಊತ ಇಳಿದಿತ್ತು. "ಹಾಕಿ. ನನ್ ಹಾಂಗ್ ಸಂಚಿ ಕಟ್ಕಂಡ್ ಕೂಕಂಡವ್ರ್ ಇನ್ನೂ ಇಪ್ಪುಕೆ ಸಾಕ್," ಎಂದರು. ಒಂದು ಶರತ್ತು ಮಾತ್ರ ಸೊಸೆಗೆ ಹಾಕಿದ್ದಾರೆ: ಶನಿವಾರ ಅವಳು ಹೊಲಿಗೆ ಕ್ಲಾಸಿಗೇ ಹೋಗಬೇಕು. ಹಾಗಾದರೆ ಶನಿವಾರ ಕರೆದೊಯ್ಯುವವರು ಯಾರು ಎಂದರೆ ನಕ್ಕರು, ಹೇಳಲಿಲ್ಲ.

ವಾಪಸು ಬರುತ್ತ ಹೆಮ್ಮಾಡಿಯಲ್ಲಿ ಇಳಿದೆ. ಪ್ರೇಮಾನಂದ ಯಾವುದೋ ಬ್ಯಾಟರಿಯ ಪಾಚಿ ತಿಕ್ಕುತ್ತಿದ್ದರು. ನಿಮ್ಮ ಬಗ್ಗೆ ಬರೆಯುತ್ತಿದ್ದೇನೆ, ಕೊನೆಗೆ ಒಂದು ಆಸೆ ಏನಾದರೂ ಹೇಳಿ ಎಂದೆ. ಸನ್ಮಾನ, ಶಾಲು, ಒಂದು ಶೆಡ್ಡು, ಏನಾದರೂ ಕೇಳುತ್ತಾರೆಂದು ಪೆನ್ನು ತೆಗೆದೆ.

"ಒಂದ್ ಬರ್ದ್ ಹಾಕಿ ಮರಾಯ್ರೆ," ಎಂದರು. "ಶನಿವಾರ ಬೆಳಿಗ್ಗೆ ಯಾರ್ ಕಾರೂ ಹಾಳ್ ಮಾಡ್ಕಂಬುದ್ ಬ್ಯಾಡ. ನಾ ಸಿಕ್ಕುದಿಲ್ಲೆ. ಚಂದಯ್ಯಣ್ಣನ್ನ ಆಸ್ಪತ್ರಿಗ್ ಕರ್ಕಂಡ್ ಹೋಯ್ಕ್."