ಎಣ್ಣೆ ಸೋರುವ ಗಾಡಿ, ಮಾವ ಮತ್ತು ನಾನು

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಗಂಡ ಕಾಮಾಲೆಯಿಂದ ತೀರಿಕೊಂಡರು. ವರ್ಷದ ಕಾರ್ಯ ಮುಗಿಯುವವರೆಗೂ ಅವರ ಮೋಟಾರ್ ಸೈಕಲ್ಲನ್ನು ಯಾರೂ ಮುಟ್ಟಲಿಲ್ಲ. ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ಗಾಡಿ ಅದು, ಮಿರಜದ ನಿವೃತ್ತ ಸೈನಿಕರೊಬ್ಬರಿಂದ ಕೊಂಡದ್ದು. ಬೇಡಕಿಹಾಳದ ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು. ನಿಂತಲ್ಲೇ ಎಣ್ಣೆ ಜಿನುಗಿಸಿ ನೆಲವನ್ನು ಕಪ್ಪಾಗಿಸಿತ್ತು.

ಮನೆಯಲ್ಲಿ ಉಳಿದವರು ಮಾವ ಮತ್ತು ನಾನು. ಅವರೆದುರು ನಾನು ತಲೆಯ ಮೇಲಿನ ಸೆರಗು ಸರಿಯಗೊಡುತ್ತಿರಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ. ಅತ್ತೆ ನಾನು ಮದುವೆಯಾಗಿ ಬರುವ ಮೊದಲೇ ಹೋಗಿದ್ದರು. ಮಗ ಹೋದ ಮೇಲೆ ಮಾವ ಬೆಳಗಾದರೆ ಕಬ್ಬಿನ ಹೊಲಕ್ಕೆ ನಡೆದುಬಿಡುತ್ತಿದ್ದರು.

ನಾನು ಚಿಕ್ಕೋಡಿ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಆ ಊರಿಗೆ ಹೋಗುತ್ತಿದ್ದ ಬಸ್ಸು ನಿಂತುಹೋಗಿ, ಕೂಡುರಸ್ತೆಯಿಂದ ಬಿಸಿಲಲ್ಲಿ ನಡೆಯಬೇಕಾಗಿತ್ತು. ಇದು ಮಾವನಿಗೆ ಹೇಗೆ ತಿಳಿಯಿತೋ, ಒಂದು ಭಾನುವಾರ ಗಾಡಿಯನ್ನು ಅಂಗಳಕ್ಕೆ ಎಳೆದು ತಂದರು. ನಾಳೆಯಿಂದ ನಾನೇ ಶಾಲೆಗೆ ಬಿಟ್ಟುಬರುತ್ತೇನೆ ಎಂದರು. ಬಹಳ ಹೊತ್ತು ಒದ್ದ ಮೇಲೆ ಗಾಡಿ ಶುರುವಾಯಿತು. ಆದರೆ ಇಂಜಿನ್ನಿನ ಮೈಮೇಲೆಲ್ಲ ಎಣ್ಣೆ ಇಳಿಯತೊಡಗಿತು. ಬಾವಿಯ ಪಂಪಿನ ಇಂಜಿನ್ ಬಿಚ್ಚಿ ಜೋಡಿಸಿದ ಕೈ ಅವರದು. ಕೆಳಗಿನಿಂದಲೇ ಸೋರುತ್ತಿದೆ ಎಂದು ಬೋಲ್ಟು ಬಿಚ್ಚುವ ಪಾನಾ ಹಿಡಿದು ಕುಳಿತರು.

ಗಂಡ ಈ ಕೆಲಸ ಮಾಡುವಾಗಲೆಲ್ಲ ನಾನು ಕಟ್ಟೆಯ ಮೇಲೆ ಕುಳಿತು ನೋಡಿದವಳು. ಅಂದು ಮೊದಲ ಸಲ, ಕೇಳದೆಯೇ ಬಾಯಿ ತೆರೆದೆ.

"ಮಾವಾರ, ಮೊದಲ ಎಲ್ಲಾ ಒರಸಿ ಸೀಮೆಸುಣ್ಣದ ಪುಡಿ ಹಚ್ಚೂಣ್ರಿ. ಎಲ್ಲಿಂದ ಸೋರತೈತಿ ಗೊತ್ತಾಗತೈತಿ. ಅವರು ಹಂಗ ಮಾಡತಿದ್ರು."

ಮಾವ ತಲೆಯೆತ್ತಿ ನೋಡಿದರು. ಪಾನಾ ಕೆಳಗಿಟ್ಟರು. ಸೀಮೆಎಣ್ಣೆಯ ಬಟ್ಟೆಯಿಂದ ಇಂಜಿನ್ ಒರೆಸಿದೆವು. ಸೀಮೆಸುಣ್ಣ ಕುಟ್ಟಿ ಪುಡಿ ಉದುರಿಸಿ ಮತ್ತೆ ಶುರು ಮಾಡಿದಾಗ, ಬಿಳಿ ಪುಡಿಯ ಮೇಲೆ ಒದ್ದೆ ಗೆರೆಯೊಂದು ಮೇಲಿನ ಮುಚ್ಚಳದ ಅಂಚಿನಿಂದ ಇಳಿದು ಬಂತು.

ಇಂಜಿನ್ನಿನ ಬಿಸಿ ಆರಿದ ಮೇಲೆ ಮುಚ್ಚಳ ಬಿಚ್ಚಿದೆವು. ಎಣ್ಣೆ ಸೋರದಂತೆ ತಡೆಯಲು ಅಂಚಿಗೆ ಹಾಕಿದ್ದ ಹಳೆಯ ಪ್ಯಾಕಿಂಗ್ ಅಂಗಡಿಯದಲ್ಲ, ದಪ್ಪ ಕಾಗದ ಕತ್ತರಿಸಿ ಮಾಡಿದ್ದು. ಎಣ್ಣೆ ಕುಡಿದು ಕಂದಾಗಿದ್ದರೂ ಅದರ ಮೇಲಿನ ಕೆಂಪು ಅಕ್ಷರ ಓದಬಹುದಾಗಿತ್ತು. ನಮ್ಮ ಲಗ್ನಪತ್ರಿಕೆ. ಹಂಚಿ ಉಳಿದ ಪತ್ರಿಕೆಗಳು ಟ್ರಂಕಿನಲ್ಲಿದ್ದವು. ಅವುಗಳಲ್ಲೊಂದನ್ನು ಗಂಡ ಯಾವಾಗ ತೆಗೆದುಕೊಂಡರೋ ನನಗೆ ಗೊತ್ತೇ ಇರಲಿಲ್ಲ.

ಅದನ್ನು ಇಡಿಯಾಗಿ ಬಿಡಿಸಲು ನೋಡಿದೆ, ಆಗಲಿಲ್ಲ. ಮುಟ್ಟಿದಲ್ಲಿ ಹರಿಯಿತು. ಒಂದು ಚೂರು ಉಳಿದರೂ ಹೊಸ ಪ್ಯಾಕಿಂಗ್ ಕೂಡುವುದಿಲ್ಲ. ಮಾವ ಮುಖ ಆಚೆ ತಿರುಗಿಸಿಕೊಂಡು ಕುಳಿತರು. ನಾನೇ ಬ್ಲೇಡು ಹಿಡಿದು ಮೆಲ್ಲಗೆ ಹೆರೆದೆ. 'ಚಿರಂಜೀವಿ' ಎಂಬ ಪದ ಉಗುರಿನಗಲದ ತುಣುಕಾಗಿ ಬೆರಳಿಗೆ ಅಂಟಿತು. ಅದನ್ನು ಸೆರಗಿಗೆ ಒರೆಸಿಕೊಂಡೆ.

ಇನ್ನೊಂದು ಪತ್ರಿಕೆ ತರಲೇ ಎಂದು ಕೇಳಿದೆ.

"ಬ್ಯಾಡವಾ," ಅಂದರು ಮಾವ. "ಅವು ಇರ್ಲಿ."

ಅವರು ನಿಪ್ಪಾಣಿಗೆ ಹೋಗಿ ಪ್ಯಾಕಿಂಗ್ ಹಾಳೆ ತಂದರು. ಮುಚ್ಚಳವನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು, ಕತ್ತರಿಯಲ್ಲಿ ನಿಧಾನಕ್ಕೆ ಕತ್ತರಿಸಿದೆ. ಬೋಲ್ಟಿನಡಿಯ ತಾಮ್ರದ ಉಂಗುರಗಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಹಾಗೆ ಮಾಡಿದರೆ ತಾಮ್ರ ಮೆದುವಾಗಿ ಮತ್ತೆ ಸರಿಯಾಗಿ ಕೂಡುತ್ತದೆ. ಮಾವ ಎದುರುಬದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದರು. ನಾನು ಸಾಕು ಎಂದಾಗ ನಿಲ್ಲಿಸಿದರು. ಗೇರಿನ ಕಡೆ ಒಂದೆರಡು ಹನಿ ಇನ್ನೂ ಬೀಳುತ್ತಿತ್ತು. ಅದನ್ನು ಹಾಗೆಯೇ ಬಿಟ್ಟೆವು.

ಮರುದಿನ ಹಿಂದೆ ಕುಳಿತು ಹೊರಟೆ. ಊರವರು ಕಟ್ಟೆಗಳ ಮೇಲಿಂದ ನೋಡಿದರು, ಮಾವ ಯಾರ ಕಡೆಗೂ ತಿರುಗಲಿಲ್ಲ. ನಮ್ಮ ಹೊಲದ ಹತ್ತಿರ, ಮಗನನ್ನು ಮಣ್ಣು ಮಾಡಿದ ಜಾಗದೆದುರು ಗಾಡಿ ನಿಲ್ಲಿಸಿದರು. ಇಬ್ಬರೂ ಇಳಿದೆವು.

"ಅವ ಈ ಗಾಡಿ ತಂದಾಗ ಭಾಳ ದಿನಾ ನಾ ಅವನ ಕೂಡ ಮಾತಾಡಿದ್ದಿಲ್ಲ," ಅಂದರು. "ಆ ದಿನಾ ತಿರುಗಿ ಕೊಡು ಅಂತ ಈಗ ಯಾರನ್ನ ಕೇಳ್ಲಿ?"

"ಅವರು ಅದನ್ನ ಮನಸಿನ್ಯಾಗ ಇಟ್ಕೊಂಡಿದ್ದಿಲ್ರಿ," ಅಂದೆ. ಅದು ನಿಜವೇ ಆಗಿತ್ತು.

ಮಾವ ಧೋತರದ ಅಂಚಿನಿಂದ ಕಣ್ಣು ಒರೆಸಿಕೊಂಡರು. ಕಬ್ಬಿನ ಗರಿ ಗಾಳಿಗೆ ಒಂದಕ್ಕೊಂದು ತಿಕ್ಕುತ್ತಿತ್ತು. ಅವರು ಗಾಡಿಯನ್ನು ಮತ್ತೆ ಒದ್ದು ಶುರು ಮಾಡಿ ಹೇಳಿದರು:

"ಹತ್ತವಾ, ಸಾಲಿಗೆ ಹೊತ್ತಾತು."