ಸತ್ತವಳ ಹೆಸರು ಮಹಾದೇವಿ

ಬೆಂಗಳೂರಿನ ಲಗ್ಗೆರೆಯ ಆ ವಠಾರದಲ್ಲಿ ಮಹಾದೇವಿ ಎಲ್ಲಿ ಎಂದು ಕೇಳಿದರೆ ಮೂರನೇ ಬಾಗಿಲು ತೋರಿಸುತ್ತಾರೆ. ಸಿಂಧನೂರು ಕಡೆಯವಳು, ಇಪ್ಪತ್ತೈದು ತುಂಬಿಲ್ಲ, ಪೀಣ್ಯದ ಸುತ್ತ ಏಳುವ ಕಟ್ಟಡಗಳಿಗೆ ಇಟ್ಟಿಗೆ ಹೊರುತ್ತಾಳೆ. ಸರ್ಕಾರದ ಕಾಗದ ಕೇಳಿದರೆ ಮಾತ್ರ ಅವಳು 2012ರ ಆಷಾಢದಲ್ಲೇ ತೀರಿಕೊಂಡಿದ್ದಾಳೆ.

ತಂಗಿ ಸವಿತಾಳನ್ನು ಊರಿನಿಂದ ಕರೆತಂದಾಗ ಹುಡುಗಿಗೆ ಹದಿನಾರು. ಪೀಣ್ಯದ ಜೀನ್ಸ್ ಫ್ಯಾಕ್ಟರಿಗೆ ಸೇರಲು ಹದಿನೆಂಟು ಆಗಿರಬೇಕು. ಮಹಾದೇವಿ ತನ್ನ ಶಾಲೆಯ ಟಿ.ಸಿ. ಕೊಟ್ಟು, ಅರ್ಜಿಗೆ ತಂಗಿಯ ಫೋಟೊ ಅಂಟಿಸಿದಳು. ವಠಾರದಲ್ಲಿ ಇದೇನು ಹೊಸದಲ್ಲ; ಒಂದು ಲೋಟ ಸಕ್ಕರೆ ಕೊಟ್ಟಷ್ಟೇ ಸಲೀಸಾಗಿ ಹೆಸರನ್ನೂ ಕೊಡುತ್ತಿದ್ದರು. ಸೂಪರ್‌ವೈಸರ್ ಈರಣ್ಣ ಕಾಗದ ನೋಡಿದ, ಆ ಎಳೆ ಮುಖವನ್ನೂ ನೋಡಿದ. "ಸರಿ ಮಹಾದೇವಿ, ನಾಳೆ ಎಂಟಕ್ಕೆ ಬಂದ್ಬಿಡಮ್ಮ" ಅಂದ. ಅವನಿಗೇನು ಗೊತ್ತಾಗಲಿಲ್ಲವೇ? ಕಣ್ಣಿದ್ದೂ ಕುರುಡನಾಗಿರುವುದಕ್ಕೇ ಅವನಿಗೆ ಸಂಬಳ.

ಹೊಸ ಪ್ಯಾಂಟು ಹಳೆಯದರಂತೆ ಕಾಣಬೇಕೆಂಬುದು ಸಮುದ್ರದಾಚೆಯವರ ಶೋಕಿ. ಅದಕ್ಕಾಗಿ ಇಲ್ಲಿ ಮುಚ್ಚಿದ ಕೋಣೆಯಲ್ಲಿ ಬಟ್ಟೆಯ ಮೇಲೆ ಪೈಪಿನಿಂದ ರಭಸವಾಗಿ ಮರಳು ಹೊಡೆಯಬೇಕಿತ್ತು. ಸವಿತಾ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಒಂದೂವರೆ ವರ್ಷ ಹೊಡೆದಳು. ಧೂಳು ಎದೆಗಿಳಿದು ಕೊನೆಕೊನೆಗೆ ನಲ್ಲಿಯಿಂದ ಬಾಗಿಲಿಗೆ ಕೊಡ ತರುವಷ್ಟು ಉಸಿರೂ ಉಳಿಯಲಿಲ್ಲ. ಫ್ಯಾಕ್ಟರಿ ಮಾಡಿಸಿಕೊಟ್ಟ ಇಎಸ್‌ಐ ವಿಮೆ ಕಾರ್ಡಿನಲ್ಲಿ ಮಹಾದೇವಿ ಎಂದಿತ್ತು, ಆಸ್ಪತ್ರೆಯವರು ಹಾಗೇ ಬರೆದುಕೊಂಡರು, ಮರಣಪತ್ರವೂ ಹಾಗೇ ಬಂತು. ಬಾಯಿಬಿಟ್ಟರೆ ಜೈಲು ಎಂದು ಹೆದರಿ ಅಕ್ಕ ತೆಪ್ಪಗಿದ್ದಳು.

ಮರುವರ್ಷ ವಕೀಲೆ ಬಿಂದುಶ್ರೀ ವಠಾರಕ್ಕೆ ಬಂದರು. ಆ ಪ್ಯಾಂಟುಗಳನ್ನು ಮಾಡಿಸುತ್ತಿದ್ದ ವಿದೇಶಿ ಕಂಪನಿಯ ಮೇಲೆ ಅದರ ದೇಶದ ಕೋರ್ಟಿನಲ್ಲೇ ದಾವೆ ಹೂಡುತ್ತಿದ್ದರು. ಮರಳು ಹೊಡೆಸುವುದನ್ನು ನಿಲ್ಲಿಸಿದ್ದೇವೆಂದು ಲೋಕಕ್ಕೆಲ್ಲ ಸಾರಿಕೊಂಡಿದ್ದ ಕಂಪನಿ ಅದು! ಕಾಯಿಲೆ ಬಿದ್ದ ಹನ್ನೊಂದು ಹೆಂಗಸರು ಸಿಕ್ಕಿದ್ದರು. ಸತ್ತವಳು ಸವಿತಾ ಒಬ್ಬಳೇ. ಮಹಾದೇವಿ ಎಲ್ಲವನ್ನೂ ಹೇಳಿಕೊಂಡು ಅತ್ತಳು. ಕಾರ್ಡಿನಲ್ಲಿರುವ ಫೋಟೊ ಸವಿತಾಳದೇ ಆದ್ದರಿಂದ ಕೇಸು ನಿಲ್ಲುತ್ತದೆಂದು ವಕೀಲೆಗೂ ಧೈರ್ಯವಿತ್ತು. ನಿನ್ನ ತಂಗಿಯನ್ನು ಕೊಂದದ್ದು ಇವರೇ ಎಂದು ದೊಡ್ಡ ಕುರ್ಚಿಯಲ್ಲಿ ಕೂತವರು ಒಮ್ಮೆ ಹೇಳಲಿ, ಮಹಾದೇವಿಗೆ ಬೇಕಾದದ್ದು ಅಷ್ಟೇ. ಎಂಟು ತಿಂಗಳು ಅದೊಂದೇ ಆಸೆಯಲ್ಲಿ ಅವಳು ಜೀವ ಹಿಡಿದುಕೊಂಡಿದ್ದಳು.

ಕಂಪನಿಯ ಉತ್ತರ ಬಂದ ಭಾನುವಾರ ಬಿಂದುಶ್ರೀ ಚಾಪೆಯ ಮೇಲೆ ಕೂತು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದರು. ಸವಿತಾ ಎಂಬವಳು ಆ ಫ್ಯಾಕ್ಟರಿಯಲ್ಲಿ ದುಡಿದ ದಾಖಲೆಯೇ ಇಲ್ಲ. ಕಾರ್ಡಿನ ಫೋಟೊ ಬೇರೆಯವಳದಾಗಿದ್ದರೆ ಅದು ಕುಟುಂಬದ ಮೋಸ. ವಯಸ್ಸಾಗದ ಹುಡುಗಿಯನ್ನು ಸುಳ್ಳು ಕಾಗದ ಕೊಟ್ಟು ಒಳಗೆ ಕಳಿಸಿದವಳು ಅಕ್ಕ, ಸಾವಿನ ಹೊಣೆಯೂ ಅವಳದೇ. ಎಷ್ಟು ನಾಜೂಕಾಗಿ ಕೈ ತೊಳೆದುಕೊಂಡಿದ್ದರು!

ಮಹಾದೇವಿ ವಕೀಲೆಯ ಕೈ ಹಿಡಿದುಕೊಂಡಳು. "ಹಂಗಾರ ನಾ ಸತ್ತೀನಿ ಅಂತನ ಬರೀರಿ ಮೇಡಂ. ಕಾಗದದಾಗ ಹೆಂಗೂ ಸತ್ತೀನಲ್ರೀ. ಸವಿತಾ ಬದುಕ್ಯಾಳ, ಅಕ್ಕನ ಸಲುವಾಗಿ ಬಂದಾಳ ಅನ್ರಿ. ನಾ ಸವಿತಾ ಆಗ್ತೀನಿ."

"ಸುಳ್ಳು ಸಾಕ್ಷಿ ಆಗುತ್ತಮ್ಮ ಅದು. ಗೊತ್ತಾದ್ರೆ ಹನ್ನೊಂದು ಜನರ ಕೇಸೂ ಬಿದ್ದೋಗುತ್ತೆ," ಎಂದು ಬಿಂದುಶ್ರೀ ತಲೆ ತಗ್ಗಿಸಿದರು. "ನೀವಿದ್ರೆ ಕೋರ್ಟು ಉಳಿದೋರನ್ನೂ ನಂಬಲ್ಲ ಅಂತ ಅಲ್ಲಿನ ವಕೀಲರು ಹೇಳ್ತಿದ್ದಾರೆ. ಕೇಸಿಂದ ಸವಿತಾ ಹೆಸರು ವಾಪಸ್ ತಗೋಬೇಕಾಗುತ್ತೆ."

ಹೊಸ್ತಿಲಲ್ಲಿ ಹೊಳೆವ್ವ ಕೂತಿದ್ದಳು, ಆ ಹನ್ನೊಂದರಲ್ಲಿ ಒಬ್ಬಳು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ಅವಳ ಕೆಮ್ಮು ನಿಲ್ಲುತ್ತಿರಲಿಲ್ಲ. ಅವಳಿಗೆ ಎರಡು ಪುಟ್ಟ ಮಕ್ಕಳು. ಮಹಾದೇವಿ ಅವಳ ಕಡೆ ನೋಡಿದಳು, ಪೆನ್ನು ಕೇಳಿ ಇಸಿದುಕೊಂಡಳು, ತೋರಿಸಿದಲ್ಲೆಲ್ಲ ಸಹಿ ಮಾಡಿದಳು. ತಂಗಿಯನ್ನು ಎರಡನೇ ಸಲ ಮಣ್ಣು ಮಾಡಿದಂತಾಯಿತು.

ಬಿಂದುಶ್ರೀ ಎದ್ದು ಚಪ್ಪಲಿ ಮೆಟ್ಟುತ್ತಿದ್ದಾಗ ಮಹಾದೇವಿ ಕರೆದಳು.

"ಮೇಡಂ, ಅವ್ರು ಬರದದ್ದು ಪೂರಾ ಸುಳ್ಳೇನಲ್ರೀ. ಕೈ ಹಿಡ್ಕೊಂಡು ಹೋಗಿ ಗೇಟಿನ ಮುಂದ ಬಿಟ್ಟು ಬಂದಾಕಿ ನಾನ. ಸವಿತಾನ ಸಲುವಾಗಿ ಅವ್ರಿಗಂತೂ ಏನೂ ಆಗಂಗಿಲ್ಲ. ನನಗರ ಶಿಕ್ಷಾ ಕೊಡ್ತದೇನ್ರೀ ಆ ಕೋರ್ಟು?"