ವಾಪಸ್ ಬರುವ ತಾರೀಖು

ನಮ್ಮ ಮ್ಯೂಸಿಯಮ್ಮಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಸಂಬಳದ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಅವನು ಹುಷಾರಪ್ಪ. ಏಷ್ಯಾದ ಮೂಲೆಮೂಲೆಯಿಂದ ಬಂದ ಕಲ್ಲಿನ ವಿಗ್ರಹ, ಪಿಂಗಾಣಿ ಜಾಡಿ, ರೇಷ್ಮೆಯ ಮೇಲೆ ಬರೆದ ಚಿತ್ರ ಎಲ್ಲವನ್ನೂ ಇಲ್ಲಿಂದ ಎತ್ತಿ ಅಲ್ಲಿಡುವುದು ಅವನ ಕೆಲಸ. ಎತ್ತುವ ಮುಂಚೆ "ಹುಷಾರು" ಅನ್ನುತ್ತಾನೆ, ಇಟ್ಟ ಮೇಲೂ "ಹುಷಾರು" ಅನ್ನುತ್ತಾನೆ. ನಾನು ಅವುಗಳನ್ನು ಊರೂರಿಗೆ ಸಾಗಿಸುವ ವ್ಯಾನಿನ ಡ್ರೈವರ್. ಇಪ್ಪತ್ತೆರಡು ವರ್ಷ ಪಕ್ಕದ ಸೀಟಿನಲ್ಲಿ ಕೂತು "ಹುಷಾರು, ಹಳ್ಳ" ಎಂದು ನನ್ನ ತಲೆ ತಿಂದಿದ್ದಾನೆ. ನನ್ನ ಕಣ್ಣೇನು ಬೆನ್ನಿಗಿದೆಯೇ?

ಆದರೂ ಕೈ ಅಂದರೆ ಅವನ ಕೈ. ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಹೇಳಿಕೊಡುತ್ತಾನೆ: ಹೂಜಿಯನ್ನು ಹಿಡಿಕೆ ಹಿಡಿದು ಎತ್ತಬೇಡಿ. ಹಿಡಿಯಲೆಂದೇ ಮಾಡಿದ ಜಾಗವೇ ಮೊದಲು ಮುರಿಯುವುದು, ತಳಕ್ಕೆ ಕೈ ಕೊಡಿ. ಪೆನ್ನನ್ನು ಒಳಗೇ ತರಕೂಡದು. ಮಸಿ ತಾಗಿದರೆ ಹೋಗುವುದಿಲ್ಲ, ಪೆನ್ಸಿಲ್ ಆದರೆ ಅಳಿಸಬಹುದು. ಯಾವ ವಸ್ತುವನ್ನಾದರೂ ಬೇರೆ ಮ್ಯೂಸಿಯಮ್ಮಿಗೆ ಎರವಲು ಕಳಿಸುವ ಮುಂಚೆ ಅದರ ಮೈಯೆಲ್ಲ ನೋಡಿ, ಎಲ್ಲಿ ಬಿರುಕು, ಎಲ್ಲಿ ಚೂರು ಹಾರಿದೆ ಎಂದು ಒಂದು ಸ್ಥಿತಿ ಪತ್ರ ಬರೆಯುತ್ತಾನೆ. ಅದರ ಕೊನೆಯ ಸಾಲು, ವಾಪಸ್ ಬರುವ ತಾರೀಖು. ಆ ಸಾಲು ಖಾಲಿ ಇದ್ದರೆ ಸಾಕ್ಷಾತ್ ದೊಡ್ಡ ಸಾಹೇಬರೇ ಬಂದರೂ ಅವನು ಉಗ್ರಾಣದ ಬಾಗಿಲು ತೆಗೆಯುವುದಿಲ್ಲ.

ಮನೆಯಲ್ಲಿ ಅವನಿಗಿದ್ದವಳು ಅಕ್ಕ ಒಬ್ಬಳೇ. ತಾಯಿ ಹೋದಾಗ ಇವನಿಗೆ ಆರು ವರ್ಷ, ಆಕೆಗೆ ಹದಿನೇಳು. ದರ್ಜಿ ಅಂಗಡಿಯಲ್ಲಿ ಅಂಗಿಗಳಿಗೆ ಕಾಜಾ ಹೊಲಿದು ಇವನನ್ನು ಸಾಕಿದಳು. ಮದುವೆಯ ಮಾತೆತ್ತಿದವರಿಗೆ, "ಮನೇಲಿ ಒಂದು ಗಂಡಸಿದೆ, ಅದರ ಕಾಟವೇ ಸಾಕು" ಎನ್ನುತ್ತಿದ್ದಳಂತೆ. ಇವನಿಗೂ ಯಾಕೋ ಕಂಕಣಬಲ ಕೂಡಿಬರಲಿಲ್ಲ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಆಕೆಯ ಎಡಭಾಗ ಬಿದ್ದುಹೋಯಿತು. ಬಾಯಿ ಮಾತ್ರ ಮೊದಲಿಗಿಂತ ಚುರುಕಾಯಿತು.

ಅಂದಿನಿಂದ ಇವನ ಬದುಕು ಗಾಣದೆತ್ತಿನದು. ಬೆಳಗ್ಗೆ ಮೈ ಒರೆಸಿ, ಉಣಿಸಿ, ಪಕ್ಕದ ಮನೆಯಾಕೆಗೆ ಒಪ್ಪಿಸಿ ಬರುವುದು. ಸಂಜೆಯಾದೊಡನೆ ಓಡುವುದು. ಹುಣ್ಣಾಗದಿರಲೆಂದು ರಾತ್ರಿಯಿಡೀ ಎರಡು ಗಂಟೆಗೊಮ್ಮೆ ಎದ್ದು ಮಗ್ಗುಲು ತಿರುಗಿಸುವುದು. ಇಪ್ಪತ್ತು ಕಿಲೋ ಮೀರಿದ ವಸ್ತುವನ್ನು ಒಬ್ಬನೇ ಎತ್ತಬಾರದೆಂದು ನಮ್ಮಲ್ಲಿ ನಿಯಮವಿದೆ. ಮನೆಯಲ್ಲಿ ಅವನೊಬ್ಬನೇ ಎತ್ತುತ್ತಿದ್ದಾನೆಂಬುದು ನನಗೆ ಆಗ ಹೊಳೆಯಲೇ ಇಲ್ಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಕಳೆದ ತಿಂಗಳು ನೀಲಿ ಹೂವಿನ ಪಿಂಗಾಣಿ ಜಾಡಿಯನ್ನು ಎತ್ತಿಕೊಂಡವನು ನಿಂತಲ್ಲೇ ತೂಕಡಿಸಿದ. ಜಾಡಿ ವಾಲಿತು. ಪೆಟ್ಟಿಗೆಯ ಮುಚ್ಚಳ ಹಿಡಿದು ಎದುರಿಗಿದ್ದ ನಾನು ಮುಚ್ಚಳ ಬಿಸಾಕಿ ಜಾಡಿಗೆ ಕೈ ಕೊಟ್ಟೆ. ಏನೂ ಆಗಲಿಲ್ಲ. ಅವನು ಗೋಡೆಗೊರಗಿ ಕುಸಿದ.

"ಇವತ್ತು ಜಾಡಿ. ನಾಳೆ ಅಕ್ಕ" ಅಂದ.

ಆ ವಾರವೇ ಒಂದು ಆರೈಕೆ ಕೇಂದ್ರಕ್ಕೆ ಹೋಗಿ ಅರ್ಜಿ ತುಂಬಿದ. ಅದರಲ್ಲಿ ತಾತ್ಕಾಲಿಕ, ಶಾಶ್ವತ ಎಂದು ಎರಡು ಚೌಕಗಳು. ಅವನು ಗುರುತು ಹಾಕಿದ್ದು ಶಾಶ್ವತಕ್ಕೆ. ಅಕ್ಕನಿಗೆ ಹೇಳಿದ್ದು ಎರಡೇ ತಿಂಗಳು ಎಂದು. ಕೇಳಿ ನನಗೆ ಸಿಟ್ಟು ನೆತ್ತಿಗೇರಿತು, ಬಾಯಿಗೆ ಬಂದಂತೆ ಬೈದೆ. "ನೀನೊಂದು ವಾರ ನೋಡ್ಕೋ, ಆಮೇಲೆ ಬೈಯಿ" ಎಂದ.

ಅಕ್ಕ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಹೋಗೋ ದಾರೀಲಿ ನಿನ್ನ ಮ್ಯೂಸಿಯಂ ತೋರಿಸು. ಇಷ್ಟು ವರ್ಷ ಅಲ್ಲಿ ಏನು ಕಡಿದು ಗುಡ್ಡೆ ಹಾಕಿದೀಯೋ ನೋಡ್ತೀನಿ."

ಹೀಗೆ ಒಂದು ಮಧ್ಯಾಹ್ನ, ಬಟ್ಟೆಯ ಚೀಲವನ್ನು ವ್ಯಾನಿನಲ್ಲೇ ಬಿಟ್ಟು, ಗಾಲಿಕುರ್ಚಿಯಲ್ಲಿ ಆಕೆಯನ್ನು ಸಾಮಾನಿನ ಲಿಫ್ಟಿನಲ್ಲಿ ಮೇಲಕ್ಕೆ ಕರೆದೊಯ್ದೆವು. ಕೈಗಳೆರಡೂ ಮುರಿದ ದೊಡ್ಡ ಕಲ್ಲಿನ ಮೂರ್ತಿಯ ಮುಂದೆ ಆಕೆ ಕುರ್ಚಿ ನಿಲ್ಲಿಸಿದಳು. "ಪಾಪ, ಇದರದೂ ನನ್ನ ಕತೆಯೇ. ಆದರೂ ಜನ ಟಿಕೆಟ್ ತಗೊಂಡು ನೋಡ್ತಾರೆ ನೋಡು!" ಎಂದು ಜೋರಾಗಿ ನಕ್ಕಳು. ಕಾವಲಿನವನು ತಿರುಗಿ ನೋಡಿದ.

ಹಳೆಯ ರೇಷ್ಮೆ ನಿಲುವಂಗಿಯ ಮುಂದೆ ಮತ್ತೆ ಕುರ್ಚಿ ನಿಲ್ಲಿಸಿದಳು. ಕತ್ತಿನ ಅಂಚಿನ ಹೊಲಿಗೆಯನ್ನು ಗಾಜಿಗೆ ಮೂಗು ತಾಗುವಷ್ಟು ಬಾಗಿ ನೋಡಿದಳು.

"ಇದನ್ನ ಹೊಲಿದವಳ ಕಣ್ಣು ಹೋಗಿರುತ್ತೆ. ಯಾರು ಅಂತ ಬರೆದಿದೀರಾ?"

"ಇಲ್ಲ ಅಕ್ಕ, ಗೊತ್ತಿಲ್ಲ."

"ಗೊತ್ತಿರಲ್ಲ ಬಿಡು" ಎಂದಳು.

ಮುಂದಿನ ಗಾಜಿನ ಪೆಟ್ಟಿಗೆ ಖಾಲಿ. ಒಳಗೆ ಒಂದು ಚೀಟಿ ಮಾತ್ರ: ಕಂಚಿನ ಗಂಟೆ ಎರವಲು ಹೋಗಿದೆ, ಇಂಥ ತಾರೀಖಿಗೆ ಮರಳುತ್ತದೆ.

"ಆ ತಾರೀಖಿಗೆ ಅವರು ಕಳಿಸ್ದೇ ಹೋದ್ರೆ?" ಅಕ್ಕ ಕೇಳಿದಳು.

ಕೆಲಸದ ಮಾತು ಬಂದರೆ ಇವನಿಗೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. "ಕಳಿಸೋದೇನು, ನಾನೇ ಹೋಗಿ ತರ್ತೀನಿ. ತಾರೀಖು ಬರೆಯದೆ ಒಂದು ಸಾಮಾನನ್ನೂ ನಾನು ಹೊರಗೆ ಬಿಟ್ಟವನಲ್ಲ, ಅಕ್ಕ" ಎಂದು ಬೀಗಿದ. ನಾನು ಕೆಮ್ಮಿದೆ. ಆಮೇಲೆ ಅವನಿಗೂ ಅರ್ಥವಾಯಿತು. ಮೂಗು ಉಜ್ಜಿಕೊಂಡು ಕುರ್ಚಿ ತಳ್ಳಿದ.

ಆರೈಕೆ ಕೇಂದ್ರದಲ್ಲಿ ಇಬ್ಬರು ಆಯಾಗಳು ಬಂದು ಆಕೆಯ ತೋಳು ಹಿಡಿದರು. "ತೋಳು ಹಿಡಿದು ಎತ್ತಬೇಡಿ! ಕೆಳಗಿಂದ ಕೈ ಕೊಡಿ!" ಎಂದು ಇವನು ಕೂಗಿದ ರಭಸಕ್ಕೆ ಹೆಡ್ ನರ್ಸ್ ಕೋಣೆಯಿಂದ ಓಡಿ ಬಂದರು. ಅಕ್ಕನನ್ನು ತಾನೇ ಮಂಚಕ್ಕೆ ಎತ್ತಿ ಮಲಗಿಸಿ, ಜೇಬಿನಿಂದ ಒಂದು ಕಾಗದ ತೆಗೆದ. ನೋಡಿದರೆ ನಮ್ಮದೇ ಸ್ಥಿತಿ ಪತ್ರ, ಪೆನ್ಸಿಲ್ಲಿನಲ್ಲಿ ತುಂಬಿದ್ದ. ಎಡ ಹಿಮ್ಮಡಿ, ಕೆಂಪು ಕಲೆ, ಅಂಗಿ ಗುಂಡಿಯಷ್ಟು. ಎಡ ಭುಜ, ಎತ್ತಿದರೆ ನೋವು. ಬಲ ಮಂಡಿ, ಹಳೆಯ ಗಾಯ. ಬೆನ್ನು, ಹುಣ್ಣಿಲ್ಲ.

ಹೆಡ್ ನರ್ಸ್ ಮೊದಲು ನಕ್ಕರು. ಓದುತ್ತ ಹೋದಂತೆ ನಗು ನಿಂತಿತು. "ಮೂರು ವರ್ಷ ಮಲಗಿದವರಿಗೆ ಬೆನ್ನಲ್ಲಿ ಒಂದೂ ಹುಣ್ಣಿಲ್ವೇನ್ರೀ!" ಎಂದು ಸಹಿ ಹಾಕಿದರು. ಆಮೇಲೆ, "ಕೊನೇ ಸಾಲು ಖಾಲಿ ಬಿಟ್ಟಿದೀರಲ್ಲ. ವಾಪಸ್ ಬರುವ..." ಎಂದವರು ಕೈಯಲ್ಲಿದ್ದ ಅವನ ಅರ್ಜಿ ನೋಡಿ ಅಷ್ಟಕ್ಕೇ ನಿಲ್ಲಿಸಿದರು.

"ತಾರೀಖಿಲ್ದೆ ಒಂದು ಸಾಮಾನನ್ನೂ ಹೊರಗೆ ಬಿಡಲ್ಲ ಅಂದ್ಯಲ್ಲೋ" ಎಂದಳು ಅಕ್ಕ.

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. ಕೈ ಮೂಗಿನ ಹತ್ತಿರ ಹೋಯಿತು.

"ಸುಳ್ಳು ಹೇಳೋವಾಗ ಮೂಗು ಉಜ್ಕೋತೀಯ, ಪುಟ್ಟ. ಆರು ವರ್ಷದವನಿದ್ದಾಗಿಂದ ನೋಡ್ತಿದೀನಿ. ನೀನು ನೆಟ್ಟಗೆ ಮಲಗಿ ಮೂರು ವರ್ಷ ಆಯ್ತು ಅನ್ನೋದೂ ಗೊತ್ತು ನಂಗೆ. ಎರಡು ತಿಂಗಳು ಸಾಲದಿದ್ರೆ ನಾಲ್ಕು ಅಂತ ಬರಿ, ಆರು ಅಂತ ಬರಿ. ಆದ್ರೆ ಬರಿ. ಪೆನ್ನಲ್ಲಿ ಬರಿ."

ಅವನ ಹತ್ತಿರ ಪೆನ್ನು ಎಲ್ಲಿಂದ ಬರಬೇಕು? ಹೆಡ್ ನರ್ಸ್ ತಮ್ಮದನ್ನು ಕೊಟ್ಟರು. ಅವನು ಮಂಚದ ಅಂಚಿನಲ್ಲಿ ಕಾಗದವಿಟ್ಟು, ನಾಲ್ಕು ತಿಂಗಳ ಮುಂದಿನ ತಾರೀಖನ್ನು ನಿಧಾನವಾಗಿ ಬರೆದ. ಬರೆಯುತ್ತಿರುವಾಗಲೇ ಅಳುತ್ತಿದ್ದ. ಹೆಡ್ ನರ್ಸ್ ಪೆನ್ನು ವಾಪಸ್ ತೆಗೆದುಕೊಂಡು ಅರ್ಜಿಯಲ್ಲಿನ ಹಳೆಯ ಗುರುತು ಹೊಡೆದು ಹಾಕಿ, ಇನ್ನೊಂದು ಚೌಕಕ್ಕೆ ಗುರುತು ಹಾಕಿದರು. ಅಕ್ಕ ಕಾಗದವನ್ನು ಇಸಿದುಕೊಂಡು ದಿಂಬಿನ ಕೆಳಗಿಟ್ಟುಕೊಂಡಳು.

ವಾಪಸ್ ಬರುವಾಗ ವ್ಯಾನಿನಲ್ಲಿ ಕೇಳಿದ, "ನಾಲ್ಕು ತಿಂಗಳಾದ ಮೇಲೆ ಅಕ್ಕನ್ನ ಎತ್ತೋಕಾಗುತ್ತೇನೋ ನಂಗೆ?"

"ಇಪ್ಪತ್ತು ಕಿಲೋ ಮೀರಿದ್ರೆ ಇಬ್ಬರು ಎತ್ತಬೇಕು. ರಾತ್ರಿ ಪಾಳಿ ವಾರಕ್ಕೆ ಮೂರು ದಿನ ನನಗೆ ಬಿಡು" ಎಂದೆ.

ತಿರುಗಿ ನೋಡಿದರೆ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ. ಮುಂದೆ ರಸ್ತೆಯ ತುಂಬ ಹಳ್ಳಗಳು. ಪಿಂಗಾಣಿ ತುಂಬಿದ ದಿನ ಹೋಗುವಷ್ಟೇ ಮೆಲ್ಲಗೆ ಹೋದೆ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.